ಒರಳು ನಮ್ಮದು, ಗುಂಡು ಪಾಪಮ್ಮನದು

ಎದುರು ಮನೆಯನ್ನು ಕೊಂಡವರು ಮೊನ್ನೆ ಬೆಳಿಗ್ಗೆ ಒಂದು ಬಿಳಿ ಹಾಳೆ ಹಿಡಿದುಕೊಂಡು ಬಂದರು. ಮಾರಿದವರು ಹೋಗುವಾಗ ನೀರೆತ್ತುವ ಮೋಟಾರನ್ನು ಬಿಚ್ಚಿಕೊಂಡು ಹೋಗಿದ್ದಾರಂತೆ. ತೊಟ್ಟಿಯ ಪಕ್ಕದಲ್ಲಿ ಈಗ ನಾಲ್ಕು ಬೋಲ್ಟು ಮಾತ್ರ ಇವೆ. “ನೀವು ಪೇಪರಿನಲ್ಲಿದ್ದವರು ಸಾರ್. ಓದಿದರೆ ಎದೆ ನಡುಗಬೇಕು, ಅಂಥದೊಂದು ಕಾಗದ ಬರೆದುಕೊಡಿ” ಎಂದು ಹೇಳಿ, ಹಾಳೆ ಹಾರದಿರಲೆಂದು ನನ್ನ ಕನ್ನಡಕದ ಡಬ್ಬಿಯನ್ನೇ ಅದರ ಮೇಲಿಟ್ಟು ಹೋದರು.

ಎದೆ ನಡುಗುವಂಥ ಕಾಗದವನ್ನು ನಾನು ಜೀವನದಲ್ಲಿ ಒಂದೇ ಸಲ ಬರೆದಿದ್ದೇನೆ. ಅದನ್ನೂ ಬರೆದದ್ದು ಮನೆ ಮಾರಿದವರಿಗೇ. ಯಾರ ಎದೆ ನಡುಗಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ನಿಮಗೆ ಅವಸರವಿಲ್ಲ ಎಂದುಕೊಂಡಿದ್ದೇನೆ.

ನಮ್ಮಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಮರದ ಕೆಲಸದವರು. ಗಣಿಯೊಳಗೆ ಮೇಲಿನ ಬಂಡೆ ಕುಸಿಯದಂತೆ ದಿಮ್ಮಿಗಳ ಆಸರೆ ಕಟ್ಟುವುದು ಅವರ ಕೆಲಸ. ನಾವಿದ್ದದ್ದು ಕೆಲಸದವರಿಗೆಂದು ಕಂಪನಿ ಕಟ್ಟಿಸಿದ ಸಾಲುಮನೆಗಳ ಲೈನಿನಲ್ಲಿ. ಎಂಟು ಮನೆಗೆ ಒಂದು ನಲ್ಲಿ, ಎಂಟು ಮನೆಗೆ ಒಂದು ರುಬ್ಬುವ ಒರಳು. ಯಾರು ಮೊದಲು, ಯಾರು ಆಮೇಲೆ ಎನ್ನುವುದಕ್ಕೆ ಅಲ್ಲೊಂದು ಕ್ರಮವಿತ್ತು. ಲೈನಿಗೆ ಕೊನೆಯಲ್ಲಿ ಸೊಸೆಯಾಗಿ ಬಂದವಳು ಕೊನೆಯಲ್ಲಿ ರುಬ್ಬಬೇಕು. ನಮ್ಮಮ್ಮನ ನಂತರ ಬೇರೆ ಸೊಸೆಯರು ಬಂದರೂ ಆ ಕೊನೆಯ ಸರದಿ ಯಾಕೋ ಅಮ್ಮನಿಗೇ ಅಂಟಿಕೊಂಡಿತ್ತು. ಹಿಂದಿನವರ ಮೆಣಸಿನಕಾಯಿಯ ಖಾರವನ್ನು ತೊಳೆದು ಉದ್ದು ಹಾಕಬೇಕು. ಎಷ್ಟು ತೊಳೆದರೂ ನಮ್ಮ ಇಡ್ಲಿಗೆ ಸಣ್ಣ ಖಾರ ಇದ್ದೇ ಇರುತ್ತಿತ್ತು. ಇಡ್ಲಿ ಎಂದರೆ ಖಾರವಾಗಿರುವ ತಿಂಡಿ ಎಂದೇ ನಾನು ಬಹಳ ದಿನ ನಂಬಿದ್ದೆ.

ಅರವತ್ತರ ದಶಕದ ಆರಂಭದಲ್ಲಿ ಅಪ್ಪ ನಿವೃತ್ತರಾದರು. ಬಂಗಾರಪೇಟೆಯಲ್ಲಿ ಒಂದು ಮನೆ ನೋಡಲು ಮೂವರೂ ಹೋದೆವು. ಮನೆ ಪಾಪಮ್ಮ ಎಂಬ ವಿಧವೆಯದು. ಗಂಡ ತೀರಿಕೊಂಡ ಮೇಲೆ ಮೈದುನ ಪಾಲು ಕೇಳಿದ್ದರಿಂದ ಮಾರಲೇಬೇಕಾಗಿತ್ತು. ಅಪ್ಪ ಗಣಿಯ ಅಭ್ಯಾಸದಂತೆ ಒಂದೊಂದು ತೊಲೆಯನ್ನೂ ಕೋಲಿನಿಂದ ತಟ್ಟಿ ತಲೆ ವಾಲಿಸಿ ಸದ್ದು ಕೇಳಿದರು. ನಾನು ಬೆಂಗಳೂರಿನ ಒಂದು ಪತ್ರಿಕೆಯ ಕರಡು ತಿದ್ದುವ ವಿಭಾಗಕ್ಕೆ ಆಗಷ್ಟೇ ಸೇರಿದ್ದವನು. ಕ್ರಯಪತ್ರದ ಹಳೆಯ ನಕಲನ್ನು ತಿರುವಿ ಕಾಗುಣಿತದ ತಪ್ಪುಗಳನ್ನು ಎಣಿಸುತ್ತಿದ್ದೆ. ಅಮ್ಮ ಸೀದಾ ಅಡುಗೆಮನೆಗೆ ಹೋದಳು. ಅಲ್ಲಿ ನೆಲದಲ್ಲಿ ಹೂತ ಒಂದು ಒರಳು, ಅದರ ಗುಳಿಯಲ್ಲಿ ನಿಂತ ಗುಂಡು. ಅಮ್ಮ ಕುಕ್ಕರುಗಾಲಿನಲ್ಲಿ ಕೂತು ಬರಿದಾದ ಒರಳಿನಲ್ಲೇ ಗುಂಡನ್ನು ಎರಡು ಸುತ್ತು ತಿರುಗಿಸಿದಳು. ಎದ್ದು ಬಂದು ಅಪ್ಪನಿಗೆ “ಊಂ” ಎಂದಳು. ವ್ಯಾಪಾರ ಕುದುರಿದ್ದು ಆಗ.

ಹಾಲುಕ್ಕಿಸುವ ದಿನ ಹೋಗಿ ನೋಡಿದರೆ ಒರಳು ಬಾಯಿ ತೆರೆದುಕೊಂಡು ಕೂತಿತ್ತು. ಗುಂಡು ಇರಲಿಲ್ಲ. ಅಮ್ಮ ಬರಿದಾದ ಒರಳಿಗೇ ಅರಿಶಿನ ಕುಂಕುಮ ಹಚ್ಚಿದಳು. ಬಂದ ನೆಂಟರೆಲ್ಲ ಮನೆಯನ್ನು ಹೊಗಳಿದರು. ಅಮ್ಮ ಅವರಿಗೆ ಹಿತ್ತಲನ್ನು ತೋರಿಸಿದಳು, ಬಚ್ಚಲನ್ನು ತೋರಿಸಿದಳು, ಅಡುಗೆಮನೆಯನ್ನು ತೋರಿಸಲಿಲ್ಲ.

ಪಾಪಮ್ಮ ಎರಡು ಬೀದಿ ಆಚೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಅಪ್ಪ ಕೇಳಿಕೊಂಡು ಬರುತ್ತೇನೆಂದು ಹೋದವರು ಅರ್ಧ ಗಂಟೆಯಲ್ಲಿ ತಿರುಗಿ ಬಂದರು. ಅವಳು ಹೇಳಿದ್ದು ಇಷ್ಟು: “ಕೈಗೆ ಬರೋದು ನಂದು, ನೆಲಕ್ಕೆ ಕಚ್ಚಿರೋದು ನಿಮ್ದು. ಬಾಗ್ಲೇನಾದ್ರೂ ಕಿತ್ಕೊಂಡ್ ಓದ್ನಾ?” ಅಪ್ಪನಿಗೆ ಇದು ನ್ಯಾಯವೆಂದೇ ಕಂಡಿತ್ತು. “ಬಾಚಿ ನಂದು, ಮರಕ್ಕೆ ಒಡ್ದಿರೋ ಮೊಳೆ ಕಂಪ್ನಿದು. ಗಣೀಲೂ ಅಂಗೇ” ಎಂದರು. ಅಮ್ಮ ಅವರ ತಟ್ಟೆಗೆ ಅನ್ನ ಬಡಿಸಿ ಸಾರು ಬಡಿಸಲು ಮರೆತಳು. ಮರೆತಳೋ ಇಲ್ಲವೋ, ನಾನು ಖಚಿತವಾಗಿ ಹೇಳಲಾರೆ.

ಕಲ್ಲುಕುಟಿಗರ ಹತ್ತಿರ ಬೇರೆ ಗುಂಡು ತಂದದ್ದಾಯಿತು. ಅದು ಆ ಒರಳಿನಲ್ಲಿ ಕುಂಟುತ್ತ ತಿರುಗುತ್ತಿತ್ತು. ಹಿಟ್ಟು ತರಿತರಿ, ಜೊತೆಗೆ ಕಲ್ಲಿನ ಪುಡಿ. ಇಡ್ಲಿ ಕಚ್ಚಿದರೆ ಹಲ್ಲಿನಡಿಯಲ್ಲಿ ಕರಕ್ ಎನ್ನುತ್ತಿತ್ತು. ಬೀದಿಯಲ್ಲಿ ಸವೆದ ಒರಳನ್ನು ಉಳಿಯಿಂದ ಕುಟ್ಟಿಕೊಡುವವನು ಬಂದಾಗ ಅಮ್ಮ ತೋರಿಸಿದಳು. ಅವನು ಒರಳಿನ ಗುಳಿಯೊಳಗೆ ಅಂಗೈ ಆಡಿಸಿ, ಇದು ಇಪ್ಪತ್ತು ವರ್ಷ ಒಂದೇ ಗುಂಡಿನ ಜೊತೆ ಸವೆದ ಕಲ್ಲು, ಬೇರೆಯದನ್ನು ಒಪ್ಪುವುದಿಲ್ಲ ಎಂದ. ಅವನೇ ಇನ್ನೊಂದು ಸುದ್ದಿಯನ್ನೂ ಹೇಳಿದ. ಪಾಪಮ್ಮ ಸ್ಟೇಷನ್ ಪಕ್ಕದ ಒಂದು ಹೋಟೆಲಿಗೆ ದಿನವೂ ದೋಸೆ ಹಿಟ್ಟು ರುಬ್ಬಿಕೊಟ್ಟು ಬದುಕುವವಳು. ಎಲ್ಲಿಂದಲೋ ಒಂದು ಹಳೇ ಒರಳು ತಂದಿದ್ದಾಳೆ. ಕೋಣೆಯ ಯಜಮಾನ ನೆಲ ಅಗೆಯಲು ಬಿಡದ್ದರಿಂದ ಅಂಗಳದಲ್ಲಿ ಇಟ್ಟಿಗೆ ಆನಿಸಿ ನಿಲ್ಲಿಸಿಕೊಂಡಿದ್ದಾಳೆ. ಹಿಟ್ಟಿನಲ್ಲಿ ಮರಳು ಸಿಕ್ಕುತ್ತದೆಂದು ಹೋಟೆಲಿನವನು ಬೇರೆಯವರನ್ನು ನೋಡುತ್ತಿದ್ದಾನೆ.

ಇಷ್ಟನ್ನು ಅಮ್ಮ ನನಗೆ ಹೇಳಿದ್ದಳು. ನಾನು ಕೇಳಿಸಿಕೊಂಡದ್ದು ಮೊದಲರ್ಧವನ್ನು ಮಾತ್ರ. ಎರಡೂ ಕಡೆ ವಿಚಾರಿಸದೆ ಒಂದು ಸಾಲನ್ನೂ ಬರೆಯಬಾರದೆಂದು ನಮ್ಮ ಮುಖ್ಯ ಉಪಸಂಪಾದಕರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅದು ಪತ್ರಿಕೆಗೆ; ಅಮ್ಮನ ಒರಳಿಗಲ್ಲ ಎಂದು ನಾನು ತೀರ್ಮಾನಿಸಿರಬೇಕು. ಕಚೇರಿಯ ಬಿಡುವಿನಲ್ಲಿ ಕೂತು ಎರಡು ಪುಟದ ಕಾಗದ ಬರೆದೆ. ಜಲ, ತರು, ಪಾಷಾಣ, ನಿಧಿ, ನಿಕ್ಷೇಪ ಎಂದು ಕ್ರಯಪತ್ರದ ಮಾತುಗಳನ್ನೆಲ್ಲ ಅದರಲ್ಲಿ ಸಾಲಾಗಿ ನಿಲ್ಲಿಸಿದೆ. ‘ಅಪಹರಿಸಿರುವ’ ಎಂಬ ಪದ ಮೂರು ಸಲ ಬಂದಿತ್ತು. ಅಲ್ಪವಿರಾಮಗಳೆಲ್ಲ ಅವುಗಳ ಜಾಗದಲ್ಲಿದ್ದವು. ನನಗೆ ಬಹಳ ಹೆಮ್ಮೆಯಾಗಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ.

ಅದರ ಮರುವಾರ ಭಾನುವಾರ ಬೆಳಿಗ್ಗೆ ನಾನು ಊರಿನ ಮನೆಯ ಜಗಲಿಯಲ್ಲಿ ಕೂತಿದ್ದೆ. ಪಾಪಮ್ಮ ಬಂದಳು. ಸೆರಗಿನಡಿಯಲ್ಲಿ ನನ್ನ ಲಕೋಟೆ, ಒಡೆದಿರಲಿಲ್ಲ. ಬೈಯಲು ಬಂದಳೆಂದುಕೊಂಡು ಎದ್ದು ನಿಂತೆ. ಅವಳು ಲಕೋಟೆಯನ್ನು ನನ್ನ ಕೈಗೇ ಕೊಟ್ಟಳು.

“ಇದೊಂಚೂರು ಓದಪ್ಪ. ನನ್ ಮೈದುನ ಕೋರ್ಟಿಂದ ಕಳ್ಸವ್ನೆ ಅನ್ನಿಸ್ತದೆ. ಮೂರ್ ದಿನ ಆಯ್ತು, ಬೇರೆಯವ್ರ ತಾವ ಓದ್ಸಾಕೆ ಭಯ. ಬೀದಿಗೆಲ್ಲಾ ಗೊತ್ತಾಗ್ತದೆ. ನೀವಾದ್ರೆ ಎಂಗೂ ನನ್ ಕೂಡೆ ಮಾತಾಡೋರಲ್ಲ, ನಿಮ್ ಬಾಯಿಂದ ಯಾರ್ಗೂ ಓಗಲ್ಲ.”

ನಾನು ಲಕೋಟೆ ಒಡೆದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಾಗದದ ವಿಷಯ ಅಮ್ಮನಿಗೆ ಗೊತ್ತಿತ್ತು. ಹಿಂದಿನ ವಾರ ನಾನೇ ಜಂಬದಿಂದ ಅದನ್ನು ಬಾಯಿಪಾಠ ಒಪ್ಪಿಸಿದ್ದೆ.

ಪಾಪಮ್ಮ ನೆಲದ ಮೇಲೆ ಕೂತು, ಕೆನ್ನೆಗೆ ಕೈಯಿಟ್ಟು, ನನ್ನ ಬಾಯನ್ನೇ ನೋಡುತ್ತಿದ್ದಳು. ‘ತಾವು ಅಪಹರಿಸಿರುವ’ ಎಂಬಲ್ಲಿಗೆ ಬಂದೆ. ‘ತಾವು ತೆಗೆದುಕೊಂಡು ಹೋಗಿರುವ’ ಎಂದು ಓದಿದೆ. ಎರಡನೆಯ ಸಲ ಅದು ‘ತಾವು ಜೋಪಾನವಾಗಿಟ್ಟಿರುವ’ ಎಂದಾಯಿತು. ಎರಡನೆಯ ಪುಟದಲ್ಲಿ ನ್ಯಾಯಾಲಯವಿತ್ತು. ಅದನ್ನು ಪೂರ್ತಿಯಾಗಿ ಹಾರಿಸಿದೆ. ಕರಡು ತಿದ್ದುವವನಾಗಿ ಅಷ್ಟು ವೇಗವಾಗಿ, ಅಷ್ಟು ಬೆವರಿ, ನಾನು ಮತ್ತೆಂದೂ ಕೆಲಸ ಮಾಡಿಲ್ಲ. ಕೊನೆಗೆ ಉಳಿದದ್ದು, ಗುಂಡಿಲ್ಲದೆ ನಮ್ಮಮ್ಮನಿಗೆ ತೊಂದರೆಯಾಗಿದೆ ಎನ್ನುವ ಒಂದು ಮಾತು.

“ಯಾರು ಬರ್ದಿರೋದು?”

“ನಾನೇ” ಎಂದೆ.

ಅವಳು ಕೆನ್ನೆಯ ಮೇಲಿದ್ದ ಕೈ ತೆಗೆದಳು. ಆಮೇಲೆ, “ಮೈದುನಂದಲ್ಲ ತಾನೆ? ಅಷ್ಟು ಸಾಕು” ಎಂದು ದೊಡ್ಡದಾಗಿ ಉಸಿರು ಬಿಟ್ಟಳು. ಏಳುತ್ತ, “ಎರಡು ಬೀದಿ ಆಚೆ ಇದ್ದೀನಿ. ಬಂದು ಬಾಯಲ್ಲಿ ಕೇಳ್ಬಾರ್ದಾ ಸಾಮಿ?” ಎಂದಳು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಅಮ್ಮ ತಟ್ಟೆಯಲ್ಲಿ ಎರಡು ಇಡ್ಲಿ ಹಾಕಿಕೊಂಡು ಬಂದಳು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದೆಂದೋ, ಇದನ್ನು ತಿಂದು ನೋಡಲಿ ಎಂದೋ, ಇವತ್ತಿಗೂ ನನಗೆ ತಿಳಿಯದು. ಪಾಪಮ್ಮ ಒಂದು ತುತ್ತು ಬಾಯಿಗಿಟ್ಟಳು. ಕರಕ್ ಎಂದದ್ದು ನನಗೂ ಕೇಳಿಸಿತು. ಅವಳು ಅಗಿಯುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು.

“ನಿಂದೂ ಇಂಗೇನಾ?”

“ಇಂಗೇ ಅಕ್ಕ.”

ಆ ಎರಡು ಇಡ್ಲಿಯನ್ನು ಅವಳು ಪೂರ್ತಿ ತಿಂದಳು. ನಾಳೆಯಿಂದ ಗುಂಡು ತೆಗೆದುಕೊಂಡು ಇಲ್ಲಿಗೇ ಬಂದು ಹೋಟೆಲಿನ ಹಿಟ್ಟು ರುಬ್ಬಿಕೊಳ್ಳಲು ಅಮ್ಮ ಹೇಳಿದಳು. ಮೊದಲು ಅವಳದು, ಆಮೇಲೆ ನಮ್ಮದು. ಸ್ವಂತದ ಒರಳಿಗಾಗಿ ಇಪ್ಪತ್ತೈದು ವರ್ಷ ಕಾದ ಹೆಂಗಸು ಸ್ವಂತದ ಮನೆಯಲ್ಲೇ ಮತ್ತೆ ಕೊನೆಯ ಸರದಿಯನ್ನು ಕೇಳಿ ಪಡೆದುಕೊಂಡದ್ದು ಹೀಗೆ.

ಮರುದಿನದಿಂದ ಪಾಪಮ್ಮ ಗುಂಡನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಸೊಂಟದ ಮೇಲಿಟ್ಟುಕೊಂಡು ಬರತೊಡಗಿದಳು. ರುಬ್ಬಿದ ಮೇಲೆ ತೊಳೆದು, ಒರೆಸಿ, ಮತ್ತೆ ಸುತ್ತಿ, ಸೊಂಟದ ಮೇಲಿಟ್ಟುಕೊಂಡು ಹೋಗುವಳು. “ಮಗೀನ ಎತ್ಕೊಂಡ್ ಬಂದ್ಳು ನೋಡು” ಎಂದು ಅಪ್ಪ ನಗುತ್ತಿದ್ದರು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಕೆಸರಿನಲ್ಲಿ ಆ ಕಲ್ಲನ್ನು ಹೊತ್ತು ಬರುವುದನ್ನು ನೋಡಲಾರದೆ ನಾನು ಅಮ್ಮನಿಗೆ, ಇಲ್ಲೇ ಬಿಟ್ಟುಹೋಗು ಎಂದು ಹೇಳಬಾರದೇ ಎಂದೆ.

“ನಾನು ಕೇಳಿದ್ರೆ ಅವ್ಳು ಕೊಡ್ಬೇಕಾಗ್ತದೆ ಕಣ್ಲಾ. ಬ್ಯಾಡ” ಎಂದಳು ಅಮ್ಮ.

ಸಂಕ್ರಾಂತಿಯ ಹಿಂದುಮುಂದು ಒಂದು ಶನಿವಾರ ಸಂಜೆ ಊರಿಗೆ ಬಂದರೆ, ಗುಂಡು ಒರಳಿನಲ್ಲಿ ನಿಂತಿತ್ತು. ಪಾಪಮ್ಮ ಹೋಗುವಾಗ ಸೊಂಟ ಹಿಡಿದುಕೊಂಡು, “ಇವತ್ತೊಂದಿನ ಇಲ್ಲೇ ಇರ್ಲಿ” ಎಂದಳಂತೆ. “ಆಯ್ತಕ್ಕ, ಇವತ್ತೊಂದಿನ” ಎಂದಳಂತೆ ಅಮ್ಮ. ಮರುದಿನ ಅವಳು ಬರಿಗೈಯಲ್ಲಿ ಬಂದು, ರುಬ್ಬಿ, ಹೋಗುವಾಗ ಅದೇ ಮಾತು ಹೇಳಿದಳು. ಅಮ್ಮ ಅದೇ ಉತ್ತರ ಕೊಟ್ಟಳು. ಆಮೇಲೆ ಐದಾರು ವರ್ಷ, ಒಂದು ದಿನವೂ ತಪ್ಪದೆ, ಅವರಿಬ್ಬರೂ ಹೀಗೆ ಹೇಳಿಕೊಂಡರು. ಒಬ್ಬಳೂ ನಗಲಿಲ್ಲ. ನಗು ಬಂದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ.

ಆ ದಶಕ ಮುಗಿಯುವ ಮೊದಲೇ ಪಾಪಮ್ಮ ತೀರಿಕೊಂಡಳು. ತಿಥಿ ಕಳೆದ ಮೇಲೆ ಅಮ್ಮ, ಬೇರೆ ಊರಿಗೆ ಮದುವೆಯಾಗಿ ಹೋಗಿ ಹಬ್ಬಕ್ಕೆ ಬಂದಾಗ ತಾಯಿಯ ಜೊತೆ ರುಬ್ಬಲು ಬರುತ್ತಿದ್ದ ಅವಳ ಮಗಳನ್ನು ಕರೆಸಿದಳು. ಗುಂಡನ್ನು ತೊಳೆದು, ಹೊಸ ರವಿಕೆ ಕಣದ ಮೇಲಿಟ್ಟು, ನಿಮ್ಮಮ್ಮನದು, ತೆಗೆದುಕೊಂಡು ಹೋಗು ಎಂದಳು. ಆ ಹುಡುಗಿ ಗುಂಡನ್ನು ಮುಟ್ಟಿ ನೋಡಿದಳು. ಅಮ್ಮನ ಕಡೆ ನೋಡಿದಳು. ಅದನ್ನೆತ್ತಿ ತಾನೇ ಒರಳಿನೊಳಗೆ ಇಟ್ಟು, “ಇವತ್ತೊಂದಿನ ಇಲ್ಲೇ ಇರ್ಲಿ ಚಿಕ್ಕಮ್ಮ” ಎಂದಳು. ಅಮ್ಮ ಆ ರವಿಕೆ ಕಣವನ್ನು ಮಡಿಸಿ ಅವಳ ಕೈಗಿಟ್ಟಳು. ದಿನದ ಆ ಉತ್ತರವನ್ನು ಅಪ್ಪ ಕೊಟ್ಟರು.

ನಿನ್ನೆ ಸಂಜೆ ಎದುರು ಮನೆಯವರು ಕಾಗದ ಆಯಿತೇ ಎಂದು ಕೇಳಲು ಬಂದರು. ಬರೆದುಕೊಡುತ್ತೇನೆ, ಎದೆ ನಡುಗುವ ಹಾಗೆಯೇ ಬರೆಯುತ್ತೇನೆ, ಆದರೆ ಅಂಚೆಗೆ ಹಾಕಕೂಡದು ಎಂದೆ. ಅದನ್ನು ಮೋಟಾರು ಒಯ್ದವರ ಮನೆಗೆ ತೆಗೆದುಕೊಂಡು ಹೋಗಿ, ಎದುರಿಗೆ ಕೂತು, ಮುಖ ನೋಡುತ್ತ ನೀವೇ ಓದಬೇಕು ಎಂದೂ ಹೇಳಿದೆ.

ಅವರು ಬರಿಯ ಹಾಳೆಯನ್ನು ಕೈಗೆತ್ತಿಕೊಂಡು, ಅದರಲ್ಲಿ ಏನೋ ಬರೆದಿದೆ ಎಂಬಂತೆ ಬಹಳ ಹೊತ್ತು ನೋಡಿದರು.

“ಹಾಗಾದ್ರೆ ಸ್ವಲ್ಪ ಮೆತ್ತಗೆ ಬರೀರಿ ಸಾರ್” ಎಂದರು.