ಸರಸಕ್ಕನಿಗೆ ಐವತ್ತು ಆದದ್ದು

ಬಂಟ್ವಾಳದ ಹೊಳೆಬದಿಯಲ್ಲಿ ನಮ್ಮ ನೆರೆಮನೆ ಸರಸಕ್ಕನದು. ಅವರ ತಾಯಿ ತೀರಿಕೊಂಡದ್ದು ಐವತ್ತೊಂದನೆಯ ಇಸವಿಯಲ್ಲಿ. ಅಳಿಯಸಂತಾನದ ಮನೆತನ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ವಿಧವೆ ಸರಸಕ್ಕನಿಗೆ ಮಕ್ಕಳಿರಲಿಲ್ಲ. ಬೆಳ್ತಂಗಡಿಗೆ ಮದುವೆಯಾಗಿ ಹೋದ ತಂಗಿ ಶಶಿಪ್ರಭಾಳಿಗೆ ಇಬ್ಬರು ಹೆಣ್ಣುಮಕ್ಕಳು. ತಮ್ಮ ಭೋಜ ಮೊದಲೇ ಸತ್ತಿದ್ದ. ಅವನ ಮಗಳು ಲೋಲಾಕ್ಷಿಗೆ ತಾಯಿಯೂ ಇಲ್ಲ, ಸಾಕಿದ್ದು ಸರಸಕ್ಕ. ಆದರೆ ತಮ್ಮನ ಮಗಳೆಂದರೆ ನಮ್ಮ ಕಟ್ಟುಕಟ್ಟಳೆಯಲ್ಲಿ ಹೊರಗಿನವಳು, ಆ ಮನೆಯ ಒಂದು ಹಿಡಿ ಮಣ್ಣೂ ಅವಳದಲ್ಲ.

ಸರಸಕ್ಕನಿಗೆ ಬೇಕಾದದ್ದು ಇಷ್ಟೇ: ತಾಯಿಯ ಆಸ್ತಿಯನ್ನು ಪಾಲು ಮಾಡಬೇಕು, ತನ್ನ ಪಾಲನ್ನು ಲೋಲಾಕ್ಷಿಗೆ ಬರೆದುಕೊಡಬೇಕು.

ಶಶಿಪ್ರಭಾಳ ಗಂಡ ಲೋಕನಾಥ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ಜಗಳವಾದರೂ ಆಗುತ್ತಿತ್ತು. ಆಟಿ ತಿಂಗಳು ಒಳ್ಳೆಯದಲ್ಲ, ಪತ್ರ ಬರೆಯುವುದು ಬೇಡ ಎಂದ. ಏಣೆಲು ಭತ್ತದ ಕೊಯ್ಲು ಮುಗಿಯಲಿ ಎಂದ. ಆಮೇಲೆ ಅವನ ಕಡೆ ಯಾರೋ ಸತ್ತು ಸೂತಕ ಬಂತು. ಪ್ರತಿ ಸಲ ಬಂದು, ಕೋಳಿ-ರೊಟ್ಟಿ ಉಂಡು, "ಮುಂದಿನ ಸಲ ಮುಗಿಸುವ ಅಕ್ಕ" ಎಂದು ಬಸ್ಸು ಹತ್ತುತ್ತಿದ್ದ. ಆ ಮಾತುಕತೆಗೆ ಬಲಿಯಾದ ಕೋಳಿಗಳಿಗೂ ಒಂದು ಪಾಲು ಕೊಡಬೇಕಿತ್ತು. ಎರಡು ವರ್ಷ ಹೀಗೇ ಕಳೆಯಿತು. ಸರಸಕ್ಕ ಸೊರಗಿದರು, ಕೆಮ್ಮು ಹಿಡಿಯಿತು.

ಕೊನೆಗೆ ಮೂಡಬಿದ್ರೆಯಲ್ಲಿ ಹಿರಿಯರಾದ ಸಂಕಪ್ಪಣ್ಣನ ಮನೆಯಲ್ಲಿ ಪಂಚಾತಿಕೆ ಕೂತಿತು. ಸಾಕ್ಷಿಗೆಂದು ನಾನೂ ಹೋಗಿದ್ದೆ. ಪತ್ರ ಬರೆಯುವ ಹೊತ್ತಿಗೆ ಲೋಕನಾಥ ಮೆಲ್ಲಗೆ ಬಾಯಿ ತೆರೆದ.

"ಅಕ್ಕನ ಪ್ರಾಯ ಒಂದು ಕೇಳಿ ಸಂಕಪ್ಪಣ್ಣ. ಹೊಸ ಕಾನೂನು ಉಂಟಲ್ಲ. ಸಂತಾನ ಇಲ್ಲದ ಹೆಂಗಸಿಗೆ ಪಾಲು ಮಾಡುವಾಗ ಐವತ್ತು ದಾಟಿದ್ದರೆ ಅದು ಬದುಕಿರುವವರೆಗೆ ಮಾತ್ರ. ಆಮೇಲೆ ಅದು ಮಕ್ಕಳಿರುವ ತಂಗಿಯ ಕಡೆಗೆ."

ಎರಡು ವರ್ಷ ಇವನು ಕಾದದ್ದು ಕೊಯ್ಲಿಗಲ್ಲ, ಸರಸಕ್ಕನ ಪ್ರಾಯಕ್ಕೆ ಎಂದು ನನಗೆ ಆಗ ಗೊತ್ತಾಯಿತು.

ಹುಟ್ಟಿದ ದಿನ ಯಾರು ಬರೆದಿಟ್ಟಿದ್ದಾರೆ? ಸಂಕಪ್ಪಣ್ಣ ತಂಗಿಯ ಕಡೆ ತಿರುಗಿ, "ನೀನಾದರೂ ಹೇಳು ಶಶಿ. ದೊಡ್ಡ ನೆರೆ ಬಂದಾಗ ಅಕ್ಕ ಎಷ್ಟು ದೊಡ್ಡವಳು?" ಎಂದರು.

ಶಶಿಪ್ರಭಾ ಕೆಟ್ಟವಳಲ್ಲ. ಅಕ್ಕನ ಮಾತು ಬಂದರೆ ಅವಳ ಮುಖ ಅರಳುತ್ತದೆ. "ಹತ್ತೊಂಬತ್ತಕ್ಕೆ ಅಕ್ಕನ ಮದುವೆ, ಆಗಲೇ ಅದಾಗಿ ಎರಡು ವರ್ಷ. ಮನೆಯೊಳಗೆ ಸೊಂಟದ ತನಕ ನೀರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡೆ ಹತ್ತಿದ್ದು ಅಕ್ಕನೇ. ಅವಳಿಲ್ಲದಿದ್ದರೆ ನಾನು ಇವತ್ತು..." ಎಂದವಳು ಅಲ್ಲಿಗೇ ನಿಂತಳು. ತಾನು ಏನು ಹೇಳಿಬಿಟ್ಟೆ ಎಂದು ಆಗ ಹೊಳೆಯಿತು. ನೆರೆ ಬಂದು ಮೂವತ್ತು ವರ್ಷವಾಗಿತ್ತು. ಅಲ್ಲಿದ್ದವರಿಗೆಲ್ಲ ಲೆಕ್ಕ ಬರುತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಅವಳಿಗಾಗ ಐದು ವರ್ಷ, ಏನು ನೆನಪು ಅಂತ ಹೇಳಿ ಸರಸಕ್ಕ," ಎಂದು ನಾನು ಪಿಸುಗುಟ್ಟಿದೆ. ಒಂದೇ ಒಂದು ಸುಳ್ಳು ಸಾಕಿತ್ತು.

ಸರಸಕ್ಕ ತಂಗಿಯನ್ನು ನೋಡಿದರು. "ಅಳಬೇಡ ಶಶಿ. ನೀನು ಹೇಳಿದ್ದು ಸರಿಯೇ. ನನಗೆ ಆಗ ಇಪ್ಪತ್ತು ದಾಟಿತ್ತು," ಎಂದರು. ಮತ್ತೆ ಸಂಕಪ್ಪಣ್ಣನಿಗೆ, "ಬರೆಯಿರಿ. ನನಗೆ ಸಾಕಾಗಿದೆ."

"ಬದುಕಿರುವವರೆಗೆ ನಿಮ್ಮದೇ ಅಲ್ವಾ ಅಕ್ಕ, ಯಾರು ಕೇಳ್ತಾರೆ?" ಎಂದ ಲೋಕನಾಥ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ.

ಹಿಂದೆ ಬರುವಾಗ ಬಸ್ಸಿನಲ್ಲಿ ಸರಸಕ್ಕ, "ಇನ್ನು ಸಾಯಲಿಕ್ಕೂ ಪುರುಸೊತ್ತಿಲ್ಲ ಮಾರಾಯ. ಲೋಲಾಕ್ಷಿಗೆ ಒಂದು ಮನೆ ಆಗುವವರೆಗೆ ನಾನು ಇರಬೇಕು," ಎಂದರು.

ಅಂದಿನಿಂದ ಅವರು ಬದುಕಲು ದುಡಿದರು. ಬೇಡವಾದರೂ ಉಂಡರು. ಕೆಮ್ಮಿಗೆ ವೈದ್ಯರು ಹೇಳಿದ ಪಥ್ಯವನ್ನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದರೆ ಹೆದರಿ ನಡುಗುತ್ತಿದ್ದರು. ಗದ್ದೆಯ ಹುಟ್ಟುವಳಿ ಸೇರಿಸಿ ಸೇರಿಸಿ, ಐವತ್ತೈದನೆಯ ಇಸವಿಯಲ್ಲಿ ಮಡಂತ್ಯಾರಿನ ಒಳ್ಳೆಯ ಮನೆಗೆ ಹುಡುಗಿಯನ್ನು ಕೊಟ್ಟರು. ಧಾರೆಯ ದಿನ ಶಶಿಪ್ರಭಾ ತನ್ನ ಬಳೆ ಬಿಚ್ಚಿ ಲೋಲಾಕ್ಷಿಯ ಕೈಗೆ ಹಾಕಿದಳು. ಲೋಕನಾಥ ಬೇರೆ ಕಡೆ ನೋಡಿದ.

ಮದುವೆಯ ಮರುದಿನ ನನ್ನ ಹೆಂಡತಿ ಗಂಜಿ ತೆಗೆದುಕೊಂಡು ಹೋದಳು. ಬೆಳಗು ಏರಿದರೂ ಸರಸಕ್ಕ ಚಾಪೆ ಬಿಟ್ಟಿರಲಿಲ್ಲ. ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು.

"ಇನ್ನು ಒತ್ತಾಯ ಮಾಡಬೇಡ ಮಗಾ," ಎಂದರು. "ನನಗೆ ಇವತ್ತು ಹಸಿವಿಲ್ಲದಿದ್ದರೂ ನಡೆಯುತ್ತದೆ."