ಹೆಂಗಸರ ಬಾಗಿಲು ತೆಗೆದ ಮೇಲಿನ ಸಿನೆಮಾ

ನನ್ನ ಮೊಮ್ಮಗಳು ಧಾರವಾಡದಲ್ಲಿ ಎಂ.ಎ. ಓದುತ್ತಾಳೆ. ನಾನು ಕನ್ನಡ ಶಾಲೆಯ ಮೂರನೇ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ಅಂಥ ನನ್ನ ಮುಂದೆ ಮೊಬೈಲು ಇಟ್ಟು, "ಅಜ್ಜಿ, ನೀ ಹೇಳಿದ್ದು ನನ್ನ ಪ್ರಬಂಧಕ್ಕ ಬೇಕು" ಅಂದಳು ನೋಡಿ, ಆ ಸಂತೋಷದಲ್ಲಿ ಚಹಾಕ್ಕೆ ಸಕ್ಕರೆಯ ಮೇಲೆ ಸಕ್ಕರೆ ಹಾಕಿಬಿಟ್ಟೆ.

ಅವಳ ಪ್ರಬಂಧ ಒಂದು ಹಳೆಯ ಕಪ್ಪು-ಬಿಳುಪು ಸಿನೆಮಾದ ಮೇಲೆ. ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದ ಹೊಸದರಲ್ಲಿ ಬಂದ ಚಿತ್ರ ಅದು. ಕಥೆ ಒಳ್ಳೆಯದು, ಆದರೆ ಕೊನೆ ಹೆಂಗಸರಿಗೆ ಮಾಡಿದ ಅವಮಾನ ಅಂತ ಆಗ ಪೇಪರಿನವರು ಬೈದು ಬರೆದಿದ್ದರಂತೆ. ಹಾಗಿದ್ದೂ ಹುಬ್ಬಳ್ಳಿಯಲ್ಲಿ ಹೆಂಗಸರೇ ಮುಗಿಬಿದ್ದು ನೋಡಿದರು. ಅದು ಯಾಕೆ ಅಂತ ಅವಳ ಸರ್ ಕೇಳಿದ್ದಾರೆ. ಇವಳಲ್ಲಿ ಉತ್ತರವಿಲ್ಲ. ಮುಂದಿನ ವಾರ ಎಲ್ಲರೆದುರು ಮಾತಾಡಬೇಕು. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ವಿಷಯವನ್ನೇ ಬದಲಿಸು ಅಂದುಬಿಟ್ಟಿದ್ದಾರೆ.

"ಅಂಥಾ ಕೊನಿ ನೋಡಿ ನೀವೆಲ್ಲಾ ಹೆಂಗ ಮೆಚ್ಚಿದ್ರಿ ಅಜ್ಜಿ?"

"ಯಾಕ, ಕೊನಿಗೆ ಏನಾಗೇತಿ? ಆಕಿ ಟ್ರಂಕ್ ಹಿಡಕೊಂಡು ರೈಲು ಹತ್ತತಾಳ. ಗಂಡ ಪ್ಲಾಟ್‌ಫಾರ್ಮಿನ್ಯಾಗ ನಿಂತು ನೋಡತಾನ. ಗಾಡಿ ಸಿಳ್ಳ ಹೊಡಿತೈತಿ. ಮುಗೀತು."

"ಎಲ್ಲಿ ಮುಗೀತು? ಮುಂದಿನ ಸ್ಟೇಶನ್‌ದಾಗ ಇಳೀತಾಳ. ಹೊಳ್ಳಿ ಬಂದು ಗಂಡನ ಕಾಲ ಮ್ಯಾಲೆ ಬಿದ್ದು, ತಪ್ಪಾತು ಅಂತ ಅಳತಾಳ."

"ಏ ಹುಚ್ಚಿ, ಅದು ಬ್ಯಾರೆ ಸಿನೆಮಾ ಇರಬೇಕು!"

ಅವಳು ಮೊಬೈಲಿನಲ್ಲಿ ತೋರಿಸಿದಳು. ಅದೇ ನಾಯಕಿ, ಅದೇ ಸೀರೆ, ಅದೇ ಟ್ರಂಕು. ಕಾಲಿಗೆ ಬಿದ್ದಳು, ಖರೇ. ನನಗೆ ತಲೆ ಗಿರ್ರೆಂದಿತು. ಅಷ್ಟು ಸಲ ನೋಡಿದ ಚಿತ್ರ, ಈ ನಾಯಕಿ ಯಾರೋ ಪರಕೀಯಳ ಹಾಗೆ ಕಂಡಳು. ನನಗೇ ಮರೆವು ಬಂತೋ, ಸಿನೆಮಾದವರೇ ಆಮೇಲೆ ಕೊನೆಯನ್ನು ಅಂಟಿಸಿದರೋ?

ಎಲ್ಲಿ ಕೂರುತ್ತಿದ್ದಿರಿ, ಹೇಗೆ ಹೊರಗೆ ಬರುತ್ತಿದ್ದಿರಿ ಅಂತ ಅವಳು ಒಂದೊಂದಾಗಿ ಕೇಳಿದಾಗ ಬಾಗಿಲ ನೆನಪಾಯಿತು. ಆ ಟಾಕೀಜಿನಲ್ಲಿ ಹೆಂಗಸರಿಗೆ ಬೇರೆ ಜಾಗ, ಪಕ್ಕದಲ್ಲೇ ಬೇರೆ ಬಾಗಿಲು. ಚಿತ್ರ ಬಿಟ್ಟಾಗ ಗಂಡಸರ ನೂಕುನುಗ್ಗಲಿಗೆ ಸಿಗಬಾರದೆಂದು ಬಾಗಿಲು ಕಾಯುವವನು ಅದನ್ನು ತುಸು ಮೊದಲೇ ತೆಗೆಯುತ್ತಿದ್ದ. "ಏಳ್ರಿ ಅವ್ವಗೋಳ್ರಾ, ಲಗೂ ಏಳ್ರಿ!" ಯಾವ ಚಿತ್ರಕ್ಕಾದರೂ ಅದೇ ಪದ್ಧತಿ. ಉಳಿದದ್ದೇನಿರುತ್ತದೆ, ಎಲ್ಲರೂ ಕೂಡಿ ನಗುವುದು, ಕೈ ಮುಗಿಯುವುದು, ಅಷ್ಟೇ ಅಂದುಕೊಂಡಿದ್ದೆವು. ಈ ಚಿತ್ರಕ್ಕೆ ಅವನು ರೈಲು ಸಿಳ್ಳು ಹೊಡೆದಾಗ ಬಾಗಿಲು ತೆಗೆಯುತ್ತಿದ್ದ. ನಾವು ಕಣ್ಣೊರೆಸಿಕೊಂಡು, ಮಕ್ಕಳನ್ನು ಎತ್ತಿಕೊಂಡು, ಕತ್ತಲಲ್ಲಿ ಚಪ್ಪಲಿ ತಡಕಿ ಹೊರಗೆ ಬಂದು, ನಮ್ಮ ನಮ್ಮ ಗಂಡಸರು ಬರುವತನಕ ಗೋಡೆಗುಂಟ ನಿಲ್ಲುತ್ತಿದ್ದೆವು. ಮರುದಿನ ನಳದ ಹತ್ತಿರ, ನೋಡದವರಿಗೆ ನಾನೇ ಕಥೆ ಹೇಳುತ್ತಿದ್ದೆ. "ಹೋದ್ಳು ನೋಡವಾ, ಹೊಳ್ಳಿ ಸುದ್ದಾ ನೋಡಲಿಲ್ಲ!" ಕೊಡ ತುಂಬಿ ಹರಿದರೂ ಯಾರಿಗೂ ಎಚ್ಚರವಿರುತ್ತಿರಲಿಲ್ಲ. ಅವರೂ ಹೋಗಿ ನೋಡಿ, ಅದೇ ಸಿಳ್ಳಿಗೆ ಎದ್ದು ಬಂದರು.

ಮೊಮ್ಮಗಳು ನನ್ನನ್ನು ಅಪ್ಪಿಕೊಂಡುಬಿಟ್ಟಳು. "ಅಜ್ಜಿ! ನೀವು ಯಾರೂ ಕೊನೀನ ನೋಡಿಲ್ಲ!"

ನೋಡದೇ ಇದ್ದದ್ದರಲ್ಲಿ ಇಷ್ಟು ಖುಷಿಪಡುವಂಥದ್ದೇನು, ನನಗೆ ತಿಳಿಯಲಿಲ್ಲ. ಅವಳು ಕುಣಿದಳೆಂದು ನಾನೂ ಕುಣಿದೆ.

ಮಂಚದ ಮೇಲೆ ಪೇಪರ್ ಓದುತ್ತಿದ್ದ ನಮ್ಮವರನ್ನು ಕೇಳಿದೆ: "ನೀವು ಕಡೀತನಕ ಕುಂದರತಿದ್ರೆಲ್ಲಾ. ಆಕಿ ಹೊಳ್ಳಿ ಬಂದದ್ದು ನೋಡಿದ್ರೇನ್ರಿ?"

"ನೋಡಿದ್ದೆ."

"ಮತ್ತ ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

"ನೀ ಓಣಿ ತುಂಬ, ಹೋದ್ಳು ಹೋದ್ಳು ಅಂತ ಡಂಗುರ ಹೊಡೀತಿದ್ದಿ. ಕೊನಿ ಈಕೀಗೆ ಸೇರಿಲ್ಲ, ಅದಕ್ಕ ಬಿಟ್ಟು ಹೇಳತಾಳ ಅಂದ್ಕೊಂಡೆ." ಪೇಪರ್ ಮಡಚಿದರು. "ನನಗೂ ಅಂಜಿಕಿ ಹತ್ತಿತ್ತು. ನಮ್ಮನಿ ಟ್ರಂಕ್ ಎತ್ತಿ ಅಟ್ಟದ ಮ್ಯಾಲೆ ಇಟ್ಟೆ."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಚೇಷ್ಟೆಗೆ ಅಂದರೋ, ಖರೇನೋ, ನನಗಿನ್ನೂ ತಿಳಿದಿಲ್ಲ. ಟ್ರಂಕು ಅಟ್ಟದ ಮೇಲಿರುವುದಂತೂ ಖರೆ.

ಅವಳು ಮಾತಾಡುವ ದಿನ ನನ್ನನ್ನೂ ಧಾರವಾಡಕ್ಕೆ ಕರೆದೊಯ್ದಳು. ಅವಳ ಮಾತಿನಲ್ಲಿ ಅರ್ಧಕ್ಕರ್ಧ ನನಗೆ ಹತ್ತಲಿಲ್ಲ. ನಡುನಡುವೆ ನಮ್ಮ ಓಣಿ, ನಮ್ಮ ನಳ, ಆ ಬಾಗಿಲು ಬಂದಾಗ ಮಾತ್ರ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಸರ್ ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಅಮ್ಮಾರ, ಈಗ ಕೊನಿ ನೋಡೀರಿ. ಹೇಳ್ರಿ, ಸಿನೆಮಾ ಛಲೋ ಐತೋ ಇಲ್ಲೋ?"

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಛಲೋ ಅಂದರೆ ಅವಳು ಹೇಳಿದ್ದು ಸುಳ್ಳಾದೀತು. ಇಲ್ಲ ಅಂದರೆ ನಾನು ಅಷ್ಟು ಅತ್ತದ್ದು, ನಳದ ಹತ್ತಿರ ಹೇಳಿದ್ದು, ಅದೆಲ್ಲ ಎಲ್ಲಿಗೆ ಹೋಯಿತು? ಎದ್ದು ನಿಂತೆ.

"ಗೊತ್ತಾಗವಲ್ದ್ರಿ ಸರ್. ಕಾಲಿಗೆ ಬಿದ್ದದ್ದು ಕಣ್ಣಾರೆ ನೋಡೇನಿ. ಆದ್ರ ಕಣ್ಣು ಮುಚ್ಚಿದ್ರ ಆಕಿ ಗಾಡ್ಯಾಗ ಕುಂತಿರತಾಳ. ಯಾವಾಕಿ ಖರೆ ಅಂತ ನೀವ ಹೇಳ್ರಿ, ನೀವು ಕಲತವರು."

ಸರ್ ಗಲ್ಲದ ಮೇಲಿನ ಕೈ ತೆಗೆದರು. ಆಮೇಲೆ ಮೊಮ್ಮಗಳಿಗೆ, "ವಿಷಯ ಬದಲಿಸೂದು ಬ್ಯಾಡವಾ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೋ, ಆ ಸಿನೆಮಾದವಳಿಗೋ, ಯಾರಿಗೆಂದು ತಿಳಿಯದೆ ನಾನೂ ಕೈ ಕೆಂಪಾಗುವ ಹಾಗೆ ತಟ್ಟಿದೆ.