ಒಂಟಿ ಮುಳ್ಳಿನ ಟೀಚರ್

ಎರಡನೇ ಕ್ಲಾಸಿನ ಗೋಡೆ ಗಡಿಯಾರಕ್ಕೆ ಒಂದೇ ಮುಳ್ಳು, ಅದೂ ಗಂಟೆಯ ಸಣ್ಣ ಮುಳ್ಳು. ದೊಡ್ಡದನ್ನು ಟೀಚರೇ ತೆಗೆಸಿ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟಿದ್ದರು. ಪ್ರತಿ ವರ್ಷ ಶಾಲೆ ಶುರುವಾದಾಗ ಅದು ಇಳಿಯುತ್ತಿತ್ತು, ವರ್ಷದ ನಡುವಿನ ರಜೆ ಮುಗಿದ ಮೇಲೇ ಮತ್ತೆ ಏರುತ್ತಿತ್ತು. ಅಲ್ಲಿಯವರೆಗೆ ಮಕ್ಕಳು ಸಣ್ಣ ಮುಳ್ಳನ್ನಷ್ಟೇ ನೋಡಿ, ‘ಈಗ ತಾನೇ ಹತ್ತು ದಾಟಿತು’, ‘ಹತ್ತೂಕಾಲು’, ‘ಇನ್ನೇನು ಹನ್ನೊಂದು’ ಎಂದು ಹೇಳಬೇಕು. ಸಣ್ಣದು ಯಜಮಾನ, ದೊಡ್ಡದು ಅದರ ಲೆಕ್ಕ ಬರೆಯುವ ಗುಮಾಸ್ತ ಎಂಬುದು ಆಕೆಯ ವಾದ. ಎರಡನ್ನೂ ಒಟ್ಟಿಗೆ ತೋರಿಸಿದರೆ ಮಕ್ಕಳ ಕಣ್ಣು ಉದ್ದನೆಯದಕ್ಕೇ ಅಂಟಿಕೊಳ್ಳುತ್ತದೆ; ನಾಲ್ಕಕ್ಕೆ ಐದು ನಿಮಿಷ ಇದೆ ಎನ್ನಬೇಕಾದವರು ನಾಲ್ಕು ಐವತ್ತೈದು ಎಂದುಬಿಡುತ್ತಾರೆ.

ಊರವರು ಆಕೆಗೆ ಒಂಟಿ ಮುಳ್ಳಿನ ಟೀಚರ್ ಎಂದು ಹೆಸರಿಟ್ಟಿದ್ದರು. ಆಕೆಗದು ಬಿರುದು. ತಲೆಬಿಸಿಯೆಲ್ಲ ಗಂಡನಿಗೆ, ಏಕೆಂದರೆ ಅವರದು ಗಡಿಯಾರ ರಿಪೇರಿ ಅಂಗಡಿ. ಗಿರಾಕಿಗಳು ಕಿಚಾಯಿಸಿದಾಗಲೆಲ್ಲ ಮುಖ ಗಂಟಿಕ್ಕಿಕೊಂಡು ಮನೆಗೆ ಬರುತ್ತಿದ್ದರು.

“ನನ್ನ ಅಂಗಡಿ ಮರ್ಯಾದೆ ನಿನ್ನ ಕ್ಲಾಸಿನ ಗೋಡೆ ಮೇಲೆ ನೇತಾಡ್ತಿದೆ ಕಣೇ.”

“ನೇತಾಡ್ಲಿ ಬಿಡ್ರೀ. ಮೊಳೆ ಗಟ್ಟಿಯಾಗಿದೆ, ಬೀಳಲ್ಲ.”

ಈ ವರ್ಷ ಹೊಸ ಹೆಡ್‌ಮಾಸ್ಟರು ಬಂದರು. ಕೆಟ್ಟವರೇನಲ್ಲ, ಆದರೆ ಶಾಲೆ ನೋಡಲು ಅಚ್ಚುಕಟ್ಟಾಗಿರಬೇಕು ಎನ್ನುವವರು. “ಅಪ್ಪ ಅಮ್ಮಂದಿರು ಬಂದ್ರೆ ಏನಂದ್ಕೊಳ್ತಾರೆ ಟೀಚರ್? ನಾಳೆನೇ ಮುಳ್ಳು ಹಾಕಿಸಿ. ಇನ್ಮೇಲೆ ತೆಗೆಯೋ ಹಾಗಿಲ್ಲ.”

ಮದುವೆಗೂ ಮುಂಚಿನಿಂದ ಕಲಿಸಿಕೊಂಡು ಬಂದ ಕ್ರಮ ಒಂದೇ ಮಾತಿಗೆ ಮುಗಿದುಹೋಯಿತು. ಟೀಚರಿಗೆ ಅಂದು ಊಟ ಸೇರಲಿಲ್ಲ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯಿದ್ದದ್ದು ಕೊನೆಯ ಬೆಂಚಿನ ಹುಡುಗಿಯ ಬಗ್ಗೆ. ಉತ್ತರ ಹೇಳಲು ತಡ ಮಾಡುತ್ತಾಳೆಂದು ಉಳಿದ ಮಕ್ಕಳು ಅವಳನ್ನು ಆಮೆ ಎಂದು ಕರೆಯುತ್ತಿದ್ದರು. ಸಣ್ಣ ಮುಳ್ಳಿನ ನೆಪದಲ್ಲಿ ಅವಳು ಈಗಷ್ಟೇ ಬಾಯಿ ಬಿಡತೊಡಗಿದ್ದಳು.

ಮರುದಿನ ಗಂಡನೇ ಬಂದು ಸ್ಟೂಲು ಹತ್ತಿ ಗಡಿಯಾರ ಇಳಿಸಿಕೊಂಡರು. ಮೊದಲು ಸಣ್ಣ ಮುಳ್ಳನ್ನು ಹನ್ನೆರಡಕ್ಕೆ ತಿರುಗಿಸಿ, ಆಮೇಲೆ ಅದರ ಮೇಲೇ ದೊಡ್ಡದನ್ನು ಕೂರಿಸುವುದು ಅಂಗಡಿಯಲ್ಲಿ ಅವರ ರೂಢಿ. ಇಲ್ಲಿ ಬೆನ್ನ ಹಿಂದೆಯೇ ಹೆಡ್‌ಮಾಸ್ಟರು, ಎದುರಿಗೆ ಹೆಂಡತಿಯ ಬಾಡಿದ ಮುಖ. ಬೇಗ ಮುಗಿಸಿ ಹೋದರೆ ಸಾಕಾಗಿತ್ತು. ಸಣ್ಣದನ್ನು ತಿರುಗಿಸುವುದನ್ನೇ ಮರೆತು, ದೊಡ್ಡದನ್ನು ರೂಢಿಯಂತೆ ಹನ್ನೆರಡರ ಮೇಲೆ ಒತ್ತಿ, ಗಡಿಯಾರವನ್ನು ಮೊಳೆಗೆ ಸಿಕ್ಕಿಸಿದರು.

“ದೊಡ್ಡ ಮುಳ್ಳು ಹನ್ನೆರಡರ ಮೇಲಿದ್ರೆ ಸರಿಯಾಗಿ ಗಂಟೆ ಆಗಿದೆ ಅಂತ. ಈಗ ಎಷ್ಟು ಗಂಟೆ, ಹೇಳಿ ಮಕ್ಕಳೇ,” ಎಂದರು ಹೆಡ್‌ಮಾಸ್ಟರು.

ಕೆಲವರು ಹತ್ತು ಎಂದರು, ಕೆಲವರು ಹನ್ನೊಂದು. ಗಲಾಟೆ ಅಡಗಿದ ಮೇಲೆ ಕೊನೆಯ ಬೆಂಚಿನವಳು ಎದ್ದು ನಿಂತಳು.

“ಎರಡೂ ಅಲ್ಲ ಸರ್. ಸಣ್ಣ ಮುಳ್ಳು ಹತ್ತು ಹನ್ನೊಂದರ ಮಧ್ಯ ಇದೆ. ಸರಿಯಾಗಿ ಗಂಟೆ ಆಗಿದ್ರೆ ಅದು ಅಂಕಿ ಮೇಲೇ ಇರ್ಬೇಕಿತ್ತು. ಈಗ ಹತ್ತೂವರೆ. ದೊಡ್ಡ ಮುಳ್ಳನ್ನ ಆ ಅಂಕಲ್ ತಪ್ಪು ಜಾಗದಲ್ಲಿ ಹಾಕಿದ್ದಾರೆ.”

ಹೆಡ್‌ಮಾಸ್ಟರು ಕೈಗಡಿಯಾರ ನೋಡಿಕೊಂಡರು. ಹತ್ತೂವರೆಯೇ ಆಗಿತ್ತು. ಆ ಹುಡುಗಿಯನ್ನು ಇನ್ನೊಮ್ಮೆ ನೋಡಿ, “ಆ ಮುಳ್ಳು ಯಾವಾಗ ಹಾಕ್ಬೇಕು ಅಂತ ನೀವೇ ಹೇಳಿ ಟೀಚರ್,” ಎಂದರು. ಗಂಡ ಮತ್ತೆ ಸ್ಟೂಲು ಹತ್ತಿ, ಮುಳ್ಳು ಕಳಚಿ, ಸೀಮೆಸುಣ್ಣದ ಡಬ್ಬಿಗೆ ಹಾಕಿ ಹೊರಟುಹೋದರು. ಟೀಚರಿಗೆ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು. ಆದರೂ ಒಂದು ಅಳುಕು. ಕೈಕೆಲಸದಲ್ಲಿ ತಪ್ಪಾಯಿತೆಂದು ಆ ಮನುಷ್ಯ ಈವರೆಗೆ ಯಾರ ಮುಂದೆಯೂ ಒಪ್ಪಿಕೊಂಡವರಲ್ಲ. ಇನ್ನೆಷ್ಟು ದಿನ ಮಾತು ಬಿಡುತ್ತಾರೋ.

ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ್ ಗಂಡನ ಅಂಗಡಿಯ ಬಾಗಿಲಿಗೆ ಬಂದಾಗ ಒಳಗೆ ಗಿರಾಕಿಯೊಬ್ಬ ಕೇಳುತ್ತಿದ್ದ: “ಏನ್ ಯಜಮಾನ್ರೇ, ನಿಮ್ಮನೆಯವರ ಗಡಿಯಾರ ಇನ್ನೂ ರಿಪೇರಿ ಆಗ್ಲಿಲ್ವಾ?”

“ಮಾಡೋಕೆ ಹೋಗಿದ್ದೆ ಮಾರಾಯ. ಎರಡನೇ ಕ್ಲಾಸಿನ ಹುಡುಗಿ ನನ್ನ ಕೆಲಸದಲ್ಲೇ ತಪ್ಪು ಹಿಡಿದ್ಲು. ಯಾರು ಕಲಿಸಿದ್ದು ಗೊತ್ತಾ? ನಮ್ಮನೆಯವಳು.”

ಟೀಚರ್ ಹೊಸ್ತಿಲ ಹೊರಗೇ ನಿಂತರು. ಗಂಡ ಅದೇ ಮಾತನ್ನು ಮುಂದಿನ ಗಿರಾಕಿಗೂ ಹೇಳಿ ಮುಗಿಸುವವರೆಗೆ ಕಾದು, ಆಮೇಲೆ ಒಳಗೆ ಹೋದರು.